ಮಿಕ್ಸರ್ ಹಾಕಿದರೆ ನಿಲ್ಲುವ ಮಷಿನ್

ಮಾನ್ವಿಯ ಮೌನೇಶ್ವರಿ ದೇವದುರ್ಗದ ತರಬೇತಿ ಕೇಂದ್ರವೊಂದರಲ್ಲಿ ಫಿಟ್ಟರ್ ಕೆಲಸ ಕಲಿಸುವ ಮೇಡಂ. ಕಂಪ್ಯೂಟರ್‌ನಲ್ಲಿ ಗೆರೆ ಎಳೆದರೆ ಅದೇ ಗೆರೆಯಂತೆ ಲೋಹ ಕೊರೆಯುವ ಮಿಲ್ಲಿಂಗ್ ಮಷಿನ್ನನ್ನು ಮನೆಯಲ್ಲೇ ಕಟ್ಟಲು ಹೊರಟಾಗ, ಬೇಸಿಗೆ ರಜೆಯೊಳಗೆ ಮುಗಿದೀತು ಅಂದುಕೊಂಡಿದ್ದಳು. ಮರುವರ್ಷದ ಬೇಸಿಗೆ ಬಂದರೂ ಮುಗಿದಿರಲಿಲ್ಲ.

ಮೊದಲು ಪ್ಲೈವುಡ್ಡಿನಲ್ಲಿ ಕಟ್ಟಿದಳು. ಬಿಸಿಲಿಗೆ ಹಲಗೆ ಸೊಟ್ಟಗಾಗಿ, ವೃತ್ತ ಕೊರೆ ಅಂದರೆ ಮಷಿನ್ನು ಕೋಳಿಮೊಟ್ಟೆ ಕೊರೆಯಿತು. ಸಿಟ್ಟಿಗೆದ್ದು ಎಲ್ಲ ಬಿಚ್ಚಿ, ರಾಯಚೂರಿನ ಗುಜರಿ ಅಂಗಡಿಯ ಸಲಾವುದ್ದೀನನ ಹತ್ತಿರ ದಪ್ಪ ಕಬ್ಬಿಣ ತಂದಳು. ಆ ಭಾರಕ್ಕೆ ಹಳೆಯ ಮೋಟರುಗಳು ಅಲುಗಲೊಲ್ಲವು. ದೊಡ್ಡವನ್ನು ಹಾಕಿದಳು. ಓಡಿದವು, ಆದರೆ ಕೆಲಸದ ನಡುವೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದವು. 'ಅಂಚು ಮುಟ್ಟಿದೆ' ಎಂದು ಪರದೆ ಕೆಂಪಾಗುತ್ತಿತ್ತು. ನೋಡಿದರೆ ಕೊರೆಯುವ ಮೊನೆಗೆ ಅಂಚು ಇನ್ನೂ ಗೇಣುದೂರ!

ಅತ್ತೆ ಯಮನಮ್ಮ ಮಿಕ್ಸರ್ ಹಾಕಿದಾಗಲೇ ಹೀಗಾಗುತ್ತದೆಂದು ತಿಳಿಯುವಷ್ಟರಲ್ಲಿ ಬಹಳಷ್ಟು ಅಲ್ಯೂಮಿನಿಯಂ ಹಾಳಾಗಿತ್ತು.

"ಅತ್ತಿ, ಮಿಕ್ಸರ್ ಬಂದ್ ಮಾಡ್ರಿ! ಇಲ್ಲಿ ಎಲ್ಲಾ ಕೆಟ್ಟು ಕೆರ ಹಿಡದದ!"

"ನಿನ್ನ ಮಷಿನ್ ಸಲುವಾಗಿ ನಾವು ಒಣ ರೊಟ್ಟಿ ತಿನ್ನೂದೇನು? ಮೊನ್ನಿ ಹಿಟ್ಟಿನ್ಯಾಗ ಕಬ್ಬಣದ ಚೂರು ಸಿಕ್ತು. ಆದ್ರೂ ಸುಮ್ಮನದೀನಿ."

ಬಸ್ ಕಂಡಕ್ಟರನಾದ ಗಂಡ ಕೃಷ್ಣ, "ಇಬ್ಬರಿಗೂ ಟೈಮ್‌ಟೇಬಲ್ ಹಚ್ಚಲೇನು?" ಎಂದು ನಕ್ಕ. ಮೌನೇಶ್ವರಿಗೆ ನಗು ಬರಲಿಲ್ಲ.

ಮಿಕ್ಸರಿನ ಕರೆಂಟಿನ ಗದ್ದಲ ಮಷಿನ್ನಿನ ವೈರಿಗೆ ನುಗ್ಗಿ ಸುಳ್ಳು ಸುದ್ದಿ ಕೊಡುತ್ತಿರಬೇಕೆಂದು, ವೈರುಗಳನ್ನೆಲ್ಲ ಕಿತ್ತು, ಅದನ್ನು ತಡೆಯುವ ಲೋಹದ ಜಾಲರಿ ಹೊದಿಸಿದ ಹೊಸ ವೈರು ಹಾಕಿ, ಆ ಜಾಲರಿಯನ್ನು ಮನೆಯ ಅರ್ಥಿಂಗ್‌ಗೆ ಜೋಡಿಸಿದಳು. ಮಿಕ್ಸರ್ ಗುರ್ ಎಂದಿತು, ಮಷಿನ್ನು ನಿಂತಿತು. ತಲೆ ಕೆಟ್ಟು, ಅರ್ಥಿಂಗ್ ವೈರಿನ ಜಾಡು ಹಿಡಿದು ಹಿತ್ತಲಿಗೆ ಹೋದಳು. ನೆಲಕ್ಕಿಳಿದಿದ್ದ ವೈರನ್ನು ಜಗ್ಗಿದಳು. ಮೂಲಂಗಿಯಂತೆ ಕಿತ್ತು ಕೈಗೆ ಬಂತು. ಕೆಳಗೆ ಪೈಪೂ ಇಲ್ಲ, ತಗಡೂ ಇಲ್ಲ. ಮನೆ ಕಟ್ಟುವಾಗ ವೈರಿಂಗ್ ಮಾಡಿದವನು ಬರೀ ಮಣ್ಣಿಗೆ ಚುಚ್ಚಿ ಹೋಗಿದ್ದ.

"ಇವನ ಮನಿ ಹಾಳಾಗ!" ಎಂದು ಅವಳು ಕೂಗಿದ್ದಕ್ಕೆ ಅತ್ತೆ ಓಡಿ ಬಂದಳು. ವಿಷಯ ತಿಳಿದದ್ದೇ ಆಕೆ ತನ್ನ ಅಂಗೈ ನೋಡಿಕೊಂಡಳು.

"ಯವ್ವಾ, ಫ್ರಿಜ್ ಮುಟ್ಟಿದ್ರ ಕೈ ಜುಂ ಅಂತದ ಅಂದ್ರ, ನಿನಗ ವಾಯು ಆಗ್ಯದ ಅಂದಿದ್ನಲ್ಲ ಕೃಷ್ಣ!"

ಭಾನುವಾರ ಕೃಷ್ಣನೇ ತೆಪ್ಪಗೆ ಗುಂಡಿ ತೋಡಿದ. ಪೈಪು ನಿಲ್ಲಿಸಿ, ಸುತ್ತ ಇದ್ದಲಿ, ಉಪ್ಪು ತುಂಬಿ, ಪೈಪಿಗೆ ಅರ್ಥಿಂಗ್ ವೈರು ಬಿಗಿದರು. ಯಮನಮ್ಮ ಕೊಡಗಟ್ಟಲೆ ನೀರು ಸುರಿದಳು. ಆಮೇಲೆ ಬೇಕೆಂದೇ ಮಿಕ್ಸರ್ ಹಾಕಿ, ಬಾಗಿಲಲ್ಲಿ ನಿಂತು ನೋಡಿದಳು. ಮಷಿನ್ನು ಎಲ್ಲೂ ನಿಲ್ಲದೆ ತಗಡಿನಲ್ಲಿ ದುಂಡನೆಯ ತೂತು ಕೊರೆದು ಮುಗಿಸಿತು.

ಮೌನೇಶ್ವರಿ ಅಳೆದು ನೋಡಿದಳು. ತೂತಿನ ಉದ್ದಕ್ಕೂ ಅಗಲಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿತ್ತು.

"ಥೂ ಇದರ!"

"ನನಗಂತೂ ದುಂಡಗ ಕಾಣತದ," ಎಂದಳು ಯಮನಮ್ಮ, ತಗಡನ್ನು ಬೆಳಕಿಗೆ ಹಿಡಿದು.

ಮೌನೇಶ್ವರಿ ಆಗಲೇ ಪಾನಾ ಹಿಡಿದು ನಟ್ಟು ಬಿಚ್ಚುತ್ತಿದ್ದಳು.