ವರದಿ ಬಂದಿತ್ತು, ಪರದೆ ಹೇಳಲಿಲ್ಲ

ಇದನ್ನು ಹೇಳಿಕೊಳ್ಳಲು ಇಷ್ಟು ದಿನ ಮನಸ್ಸಾಗಲಿಲ್ಲ. ಹೆಂಡತಿಯ ಆಪರೇಷನ್ನಿಗೆ ಬೇಕಿದ್ದ ರಕ್ತದ ವರದಿಗಾಗಿ ಮುಂಡರಗಿಯ ಲ್ಯಾಬಿನಲ್ಲಿ ಬೆಳಗಿನಿಂದ ಕಾಯುತ್ತಿದ್ದೆ. ಕೌಂಟರಿನ ಹುಡುಗಿ ಸಾವಿತ್ರಿ ಕಂಪ್ಯೂಟರಿನ ಪರದೆ ನೋಡಿ, ‘ಇನ್ನಾ ಬಂದಿಲ್ರಿ, ಅಜ್ಜಾರ’ ಎನ್ನುತ್ತಲೇ ಇದ್ದಳು. ರಕ್ತ ಪರೀಕ್ಷೆಗೆ ಹೋಗಿದ್ದ ಗದಗಿನ ದೊಡ್ಡ ಲ್ಯಾಬಿಗೆ ಫೋನ್ ಮಾಡಿದರೆ, ವರದಿ ಆಗಲೇ ಮುಂಡರಗಿಯ ಕಂಪ್ಯೂಟರಿಗೆ ಹೋಗಿದೆ ಎಂದರು.

‘ಎಷ್ಟ ಸುಳ್ಳ ಹೇಳ್ತೀಯವಾ? ಮೊಬೈಲ್ ನೋಡ್ಕೋಂತ ಕುಂಡ್ರಾಕ ಪಗಾರ ಕೊಡ್ತಾರೇನು?’ ಎಂದು ಎಲ್ಲರೆದುರು ಕೂಗಾಡಿದೆ.

ಆಕೆ ಪರದೆಯ ಮೇಲಿದ್ದ ಪುಟವನ್ನು ಮುಚ್ಚಿ ಮತ್ತೆ ತೆರೆದಳು. ವರದಿ ಅಲ್ಲೇ ಇತ್ತು. ‘ಬಂದೈತಿ ಅಂತ ಇದು ಹೇಳೂದಿಲ್ರಿ. ನಾನೇ ಮುಚ್ಚಿ ತಗದು ನೋಡಬೇಕು’ ಎಂದಳು. ಆಕೆಯ ಕಣ್ಣು ತುಂಬಿತ್ತು.

ಆಪರೇಷನ್ ಅಂದೇ ಆಯಿತು. ಬಂದ ಸುದ್ದಿಯನ್ನು ತಾನಾಗಿ ಹೇಳದ ಆ ಯಂತ್ರದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಬಾಯಿದ್ದ ನಾನೂ ಕಾಗದ ಕಿತ್ತುಕೊಂಡು ಹೊರಟೆನೇ ಹೊರತು ತಪ್ಪಾಯಿತು ಎನ್ನಲಿಲ್ಲ, ಆ ಸಾವಿತ್ರಿಗೆ.