ಹುಲ್ಲು ಕುಡಿದದ್ದು

ಮಡಂತ್ಯಾರಿನ ಹತ್ತಿರ ಒಂದು ಹಾಸ್ಟೆಲಿನ ಕೊಳಚೆ ನೀರನ್ನು ಜಲ್ಲಿ ತುಂಬಿದ ಹೊಂಡಕ್ಕೆ ಹರಿಸಿ, ಅದರಲ್ಲಿ ನೇಪಿಯರ್ ಹುಲ್ಲು ನೆಡಿಸಿದ್ದೆ. ನೀರಿನ ಸಾರಜನಕವನ್ನು ಹುಲ್ಲು ಹೀರಬೇಕು, ಬೆಳೆದ ಹುಲ್ಲನ್ನು ಕೊಯ್ದು ಹೊರಗೆ ಸಾಗಿಸಬೇಕು ಎಂಬುದು ನಿಯಮ. ಎಲ್ಲಿಗೆ ಎಂದು ನಿಯಮದಲ್ಲಿ ಇರಲಿಲ್ಲ.

ಪಕ್ಕದ ಮನೆಯ ಲೀಲಕ್ಕ ಬೇಲಿಯಾಚೆಯಿಂದ ಕೇಳಿದರು: "ಇದನ್ನು ದನಕ್ಕೆ ಹಾಕಬಹುದಾ ಸರ್? ಇಷ್ಟು ಹಸಿರು ಹುಲ್ಲು ಈ ಊರಲ್ಲೇ ಇಲ್ಲ."

"ಧಾರಾಳ ಕೊಂಡುಹೋಗಿ" ಎಂದೆ. ನನಗೂ ಸಾಗಾಟದ ತಲೆನೋವು ಕಳೆಯಿತು.

ಮುಂದಿನ ತಿಂಗಳು ನೀರಿನ ಪರೀಕ್ಷೆಯಲ್ಲಿ ಬಹಳ ಒಳ್ಳೆಯ ಫಲಿತಾಂಶ ಬಂತು. ಅದೇ ವಾರ ಲೀಲಕ್ಕನಿಗಿದ್ದ ಒಂದೇ ದನ ಏದುಸಿರು ಬಿಡುತ್ತ ಬಿದ್ದು ಸತ್ತಿತು. ಹುಲ್ಲಿನಲ್ಲಿ ನೈಟ್ರೇಟ್ ವಿಪರೀತ ಇತ್ತು ಎಂದರು ದನದ ಡಾಕ್ಟ್ರು. ನೈಟ್ರೇಟ್ ಅಂದರೆ ನಾನು ನೀರಿನಿಂದ ತೆಗೆಸಿದ ಅದೇ ಸಾರಜನಕ.

ತಪ್ಪೊಪ್ಪಿಕೊಳ್ಳಲು ಅವರ ಮನೆಗೆ ಹೋದೆ. "ಕೊಂಡುಹೋಗಿ ಅಂದದ್ದು ನಾನೇ ಅಲ್ವಾ ಅಕ್ಕ."

"ನಿಮಗೇನು ಗೊತ್ತು ಪಾಪ! ಕೂತ್ಕೊಳ್ಳಿ. ಅದು ಎಷ್ಟು ಇಷ್ಟದಲ್ಲಿ ತಿಂತಿತ್ತು ಮಾರಾಯ್ರೆ."

ನನಗೆ ಗೊತ್ತಿತ್ತು. ಹುಲ್ಲಿನೊಳಗೆ ಏನು ಸೇರುತ್ತದೆ ಎಂದು ಹಾಸ್ಟೆಲಿನವರಿಗೆ ಚಿತ್ರ ಬರೆದು ವಿವರಿಸಿದವನೇ ನಾನು. ಅಷ್ಟನ್ನು ಲೀಲಕ್ಕನಿಗೆ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಒಳಗೆ ಹೋಗಿ ಲೋಟ ಹಿಡಿದು ಬಂದರು.

"ಬೇಸರ ಮಾಡ್ಬೇಡಿ, ಮನೆಯಲ್ಲಿ ಹಾಲಿಲ್ಲ. ಕಣ್ಣ ಚಾ ಆಗ್ತದಲ್ಲ?"

ಹಾಲು ಹಾಕದ ಚಹಾ ಆರೋಗ್ಯಕ್ಕೆ ಬಹಳ ಒಳ್ಳೆಯದು ಎಂದೆ. ಅವರು ಅದನ್ನೂ ನಂಬಿದರು.