ಇಪ್ಪತ್ತಮೂರು ಸಲ ಮುಚ್ಚಿದ ಮುಚ್ಚಳ

ಫಿನ್‌ಲೆಂಡಿನ ಯುವಾಸ್ಕ್ಯುಲಾ ಊರಿನ ಆ ಮನೆಯಲ್ಲಿ ಅತ್ತೆ ಲೆಂಪಿಗೊಂದು, ಮಗಳು ಸಾರಾಗೊಂದು, ಗಂಡ ವೇಸನ ಕೆಲಸಕ್ಕೊಂದು ಕೋಣೆಯಿತ್ತು. ಪಿಲ್ವಿಯ ಮಡಚುವ ಕಂಪ್ಯೂಟರ್ ಅಡುಗೆಮನೆಯ ಮೇಜಿನ ಮೇಲಿತ್ತು. ಮೇಜು ಯಾರಿಗಾದರೂ ಬೇಕಾದಾಗ ಅವಳು ಮುಚ್ಚಳ ಮುಚ್ಚಿ ಅದನ್ನು ಕಿಟಕಿಯ ಕಟ್ಟೆಗೆ ಸರಿಸುತ್ತಿದ್ದಳು. ಮೇಜು ಒರೆಸಿದ ಮೇಲೆ ಮತ್ತೆ ತೆರೆಯುತ್ತಿದ್ದಳು.

ಗಂಡಹೆಂಡಿರಿಬ್ಬರೂ ಒಂದೇ ತರಗತಿಯಲ್ಲಿ ಕಲಿತವರು. ಪರೀಕ್ಷೆಯ ಹಿಂದಿನ ದಿನ ಪಿಲ್ವಿಯ ಟಿಪ್ಪಣಿ ಓದಿಯೇ ಪಾಸಾದೆ ಎಂದು ವೇಸ ನೆಂಟರೆದುರು ಹೇಳಿ ನಗಿಸುತ್ತಿದ್ದ. ಮಗಳು ಹುಟ್ಟಿದ ಮೇಲೆ ಪಿಲ್ವಿ ಅರ್ಧ ದಿನ ಗ್ರಂಥಾಲಯದ ಕೆಲಸಕ್ಕೆ ಹೋಗತೊಡಗಿದಳು. ಉಳಿದ ಹೊತ್ತು ಮನೆ, ಅದರ ಸಂದಿಯಲ್ಲಿ ನಕ್ಷೆ ಬಿಡಿಸುವ ಒಂದು ತಂತ್ರಾಂಶ. ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಯಾರು ಬೇಕಾದರೂ ಬಿಚ್ಚಿ ತಿದ್ದಬಹುದು. ಇವರಿಬ್ಬರೂ ಸೇರಿ ಊರೂರುಗಳಲ್ಲಿ ಕುಳಿತ ಆರು ಜನ ಸಂಬಳವಿಲ್ಲದೆ ಅದನ್ನು ನೋಡಿಕೊಳ್ಳುತ್ತಿದ್ದರು. ಹೊಸ ಹೊಸ ಸೌಕರ್ಯಗಳನ್ನು ಸೇರಿಸುವವನು ವೇಸ. ಬಂದ ದೂರುಗಳನ್ನು ಓದಿ, ವಿಂಗಡಿಸಿ, ಸಿಟ್ಟಾದವರನ್ನು ಸಮಾಧಾನ ಮಾಡುವವಳು ಪಿಲ್ವಿ. ಊಟವಾದ ಮೇಲೆ ತಟ್ಟೆ ಎತ್ತುವಂಥ ಕೆಲಸ; ಎತ್ತದಿದ್ದ ದಿನ ಮಾತ್ರ ಕಾಣುತ್ತದೆ. ಏಳು ವರ್ಷ ಎತ್ತಿದ್ದಳು.

ತಿದ್ದುಪಡಿಗಳನ್ನು ಯಾರ ಅಪ್ಪಣೆಯೂ ಇಲ್ಲದೆ ತಾವೇ ಸೇರಿಸುವ ಹಕ್ಕು ಅವಳೊಬ್ಬಳನ್ನು ಬಿಟ್ಟು ಐವರಿಗೂ ಇತ್ತು. ಆ ವಸಂತದಲ್ಲಿ ಅವಳು ಬಾಯಿಬಿಟ್ಟು ಕೇಳಿದಳು. ತಂಡದ ಮುಖಂಡ, ಡೆನ್ಮಾರ್ಕಿನ ಟೋರ್ಬೆನ್ ನಕ್ಕ.

"ಆ ಬಡಕಲು ಕಿಟಕಿ ಇದೆಯಲ್ಲ, ಅದನ್ನ ಹಿಡಿದು ಕೊಡು. ಆಮೇಲೆ ಮತ ಹಾಕೋಣ."

ಬಡಕಲು ಕಿಟಕಿ ತಂಡದ ಹಳೆಯ ತಮಾಷೆ. ಪರದೆಯ ಮೇಲೆ ಬಣ್ಣ ಆರಿಸುವ ಚೌಕ ಬೆಳಿಗ್ಗೆ ಅಂಗೈಯಗಲ ಇದ್ದದ್ದು ಸಂಜೆಗೆ ಲಾಡಿಯಷ್ಟಾಗುತ್ತದೆ ಎಂದು ಎರಡು ವರ್ಷಗಳಲ್ಲಿ ಹನ್ನೊಂದು ದೂರು ಬಂದಿದ್ದವು. "ಪಥ್ಯ ಮಾಡ್ತಿರಬೇಕು, ಬಿಡಿ" ಎಂದು ಗಂಡಸರು ನಕ್ಕಿದ್ದರು. ಅವರ ಯಂತ್ರಗಳಲ್ಲಿ ಚೌಕ ಒಂದು ದಿನವೂ ಸೊರಗಿರಲಿಲ್ಲ.

ಪಿಲ್ವಿಯ ಯಂತ್ರದಲ್ಲಿ ಸೊರಗುತ್ತಿತ್ತು. ದೂರುಗಳನ್ನು ಮತ್ತೊಮ್ಮೆ ಓದಿದಾಗ ಕೆಳಗಿದ್ದ ಹೆಸರುಗಳು ಕಣ್ಣಿಗೆ ಬಿದ್ದವು. ಹನ್ನೊಂದರಲ್ಲಿ ಒಂಬತ್ತು ಹೆಂಗಸರವು. ಅವಳು ಅವರಿಗೆಲ್ಲ ಒಂದೇ ಪ್ರಶ್ನೆ ಬರೆದಳು: ನೀವು ಎಲ್ಲಿ ಕೂತು ಕೆಲಸ ಮಾಡುತ್ತೀರಿ? ಒಬ್ಬಳು ಊಟದ ಮೇಜು ಎಂದಳು, ಇನ್ನೊಬ್ಬಳು ಮಗುವಿನ ಮಂಚದ ಅಂಚು. ಪೋರ್ಟೊದ ನರ್ಸ್ ಬೆಯಾಟ್ರಿಜ್, "ಇಸ್ತ್ರಿ ಮೇಜು. ಬಟ್ಟೆ ಬಂದರೆ ಎತ್ತಿಡ್ತೀನಿ" ಎಂದು ಬರೆದಳು.

ಪಿಲ್ವಿ ಮುಚ್ಚಳ ಮುಚ್ಚಿ ತೆರೆದಳು. ಮತ್ತೆ ಮುಚ್ಚಿ ತೆರೆದಳು. ಒಂದೊಂದು ಸಲಕ್ಕೂ ಚೌಕ ಒಂದು ಅಕ್ಕಿಕಾಳಿನಷ್ಟು ಕುಗ್ಗಿತು. ಮುಚ್ಚುವಾಗ ಚೌಕದ ಅಳತೆಯಿಂದ ಅದರ ಮೇಲಂಚಿನ ತೆಳು ಪಟ್ಟಿಯ ಎತ್ತರವನ್ನು ಕಳೆದು ನೆನಪಿಟ್ಟುಕೊಳ್ಳುವ ತಂತ್ರಾಂಶ, ತೆರೆಯುವಾಗ ಅದನ್ನು ಮರಳಿ ಕೂಡಿಸುತ್ತಿರಲಿಲ್ಲ. ಪೂರ್ತಿ ಆರಿಸಿ ಹೊತ್ತಿಸಿದರೆ ಮೊದಲಿನಂತೆ.

ಟೋರ್ಬೆನ್ ನಂಬಲಿಲ್ಲ. "ದಿನಕ್ಕೆ ಅಷ್ಟು ಸಲ ಯಾರು ಮುಚ್ತಾರೆ? ಪುರಾವೆ ಕೊಡು."

ಕೊಟ್ಟಳು. ಒಂದು ದಿನದ ಮುಚ್ಚುವಿಕೆಗಳನ್ನು ಗಂಟೆ, ಕಾರಣ ಸಮೇತ ಬರೆದು ಕಳಿಸಿದಳು. ಗಂಜಿ. ಅತ್ತೆಯ ಮಾತ್ರೆ. ಸಾರಾಳ ಕೈಗವಸು. ವೇಸನ ಕಾಫಿ. ಆಲೂಗಡ್ಡೆ ಸುಲಿಯಲು. ಅತ್ತೆಗೆ ಕನ್ನಡಕ ಹುಡುಕಲು. ವೇಸನ ಕಾಫಿ. ಹೀಗೆ ಇಪ್ಪತ್ತಮೂರು. ಜೊತೆಗೆ ಎರಡು ಸಾಲಿನ ತಿದ್ದುಪಡಿ. ಮರುದಿನ ಚೌಕ ಕುಗ್ಗುವುದು ನಿಂತಿತು.

ಮತದ ದಿನ ಆರೂ ಜನ ಕರೆಯಲ್ಲಿ ಸೇರಿದರು. ವೇಸನ ದನಿ ಕಂಪ್ಯೂಟರಿನಿಂದಲೂ ಗೋಡೆಯಾಚೆಯಿಂದಲೂ ಕೇಳುತ್ತಿತ್ತು.

"ಪಿಲ್ವಿ, ತಿದ್ದುಪಡಿ ಚೆನ್ನಾಗಿದೆ ಮಾರಾಯ್ತಿ," ಎಂದ ಟೋರ್ಬೆನ್. "ಆದರೆ ನಿನ್ನ ಪಟ್ಟಿನೇ ನೋಡು. ಇಪ್ಪತ್ತು ನಿಮಿಷ ಒಂದು ಕಡೆ ಕೂರೋಕಾಗಲ್ಲ ನಿನಗೆ. ಅಂಥವರ ಕೈಗೆ ಹಕ್ಕು ಕೊಡೋದು ಹೇಗೆ?"

"ಅದರಲ್ಲಿ ಕಾಫಿ ಎಷ್ಟಿದೆ ಎಣಿಸಿದ್ಯಾ?"

"ನಿಮ್ಮ ಮನೆ ವಿಷಯ ನಮಗ್ಯಾಕೆ?" ಎಂದ ಟೋರ್ಬೆನ್. ಯಾರೋ ಕಿಸಕ್ಕೆಂದರು.

ಇಬ್ಬರು ಬೇಕೆಂದರು, ಇಬ್ಬರು ಬೇಡವೆಂದರು. ವೇಸನ ಮತ ಉಳಿಯಿತು. ಗೋಡೆಯಾಚೆ ಕುರ್ಚಿ ಕಿರುಗುಟ್ಟಿತು. "ನಾನು ತಟಸ್ಥ," ಎಂದ. ಸಮ ಬಂದರೆ ಹಕ್ಕಿಲ್ಲ ಎಂಬುದು ತಂಡದ ನಿಯಮ, ಅವನಿಗೂ ಗೊತ್ತಿತ್ತು.

ಕರೆ ಮುಗಿದ ಮೇಲೆ ಅಡುಗೆಮನೆಗೆ ಬಂದು ನಿಂತ. "ಗಂಡ ಅಲ್ವೇನೇ ನಾನು? ಪಕ್ಷಪಾತ ಅಂತಿದ್ರು."

"ನಾನು ಕೊಟ್ಟ ಕಾಫಿ ಕುಡಿಯುವಾಗ ಅನ್ನಲಿಲ್ಲವಲ್ಲ ಯಾರೂ," ಎಂದಳು.

"ಟೋರ್ಬೆನ್ ಹೇಳಿದ್ರಲ್ಲೂ ನಿಜ ಇದೆ, ಸಮಾಧಾನವಾಗಿ ಯೋಚಿಸು."

ಯೋಚಿಸಿದಳು. ಆ ಸಂಜೆಯೇ ದೂರು ನೋಡುವವರ ಪಟ್ಟಿಯಿಂದ ತನ್ನ ಹೆಸರು ತೆಗೆದಳು. ಬೇರೆ ಯಾರೂ ಮುಂದೆ ಬರಲಿಲ್ಲ. ಮೂರು ವಾರಕ್ಕೆ ಇನ್ನೂರು ದೂರು ರಾಶಿ ಬಿದ್ದವು.

"ಟೋರ್ಬೆನ್ ಕೇಳ್ತಿದ್ದ," ಎಂದ ವೇಸ ಬಾಗಿಲಲ್ಲಿ ನಿಂತು, "ಬಿಡುವಾದಾಗ ನಡುನಡುವೆ ನೋಡೋಕಾಗುತ್ತಾ ಅಂತ."

"ನೀನು ನೋಡು."

"ನನಗೆ ಅದಕ್ಕೆಲ್ಲ ತಾಳ್ಮೆ ಇಲ್ಲ ಕಣೇ."

ಅದೇ ವಾರ ಬೆಯಾಟ್ರಿಜಳ ಪತ್ರ ಬಂತು. ಈಗ ನಕ್ಷೆ ಉಳಿಸಲು ಹೋದರೆ ಬಿಡಿಸಿದ್ದೆಲ್ಲ ಅಳಿಸಿಹೋಗುತ್ತಿದೆ, ಕೇಳುವವರೇ ಇಲ್ಲ, ನೀವೊಬ್ಬರೇ ಉತ್ತರ ಕೊಡುತ್ತಿದ್ದವರು ಎಂದು. ಪಿಲ್ವಿಯ ಬೆರಳು ತಾನಾಗಿ ದೋಷ ಹುಡುಕಲು ಹೊರಟಿತು. ತಡೆದು, ಉತ್ತರ ಬರೆದಳು:

"ಆ ಕೆಲಸ ನಾನೀಗ ಮಾಡುವುದಿಲ್ಲ ಬೆಯಾಟ್ರಿಜ್, ಕ್ಷಮಿಸಿ. ಟೋರ್ಬೆನ್‌ಗೆ ಬರೆಯಿರಿ, ವಿಳಾಸ ಕೆಳಗಿದೆ. ಅವನು ನಡುವೆ ಎದ್ದುಹೋಗುವವನಲ್ಲ. ಯಾವಾಗ ಬರೆದರೂ ಸಿಗುತ್ತಾನೆ."